ಊರೆಲ್ಲ ಸೇರಿ ಫೋನ್ ಕೆಳಗಿಟ್ಟರೆ

ಮೊದಲೆಲ್ಲ ನಮ್ಮ ಶಾಲೆಯಲ್ಲಿ ಪಾಲಕರ ಸಭೆ ಎಂದರೆ ಗಣಿತದ ಮಾರ್ಕು, ಇಂಗ್ಲಿಷಿನ ಭಯ, ಹತ್ತನೇ ಇಯತ್ತೆಯ ಪರೀಕ್ಷೆ ಇವೇ ಮಾತು. ಈಗ ಅವೆಲ್ಲ ಬೇಗ ಮುಗಿದುಹೋಗುತ್ತವೆ. ಉಳಿದ ಹೊತ್ತೆಲ್ಲ ಫೋನಿನ ದೂರು. "ಅಕ್ಕೋರ, ಉಣ್ಣಾಕ ಕುಂತ್ರೂ ಕೈಯಾಗ ಅದಽ, ಹಾಸಿಗ್ಯಾಗ ಬಿದ್ರೂ ಅದಽ. ನಮ್ಮ ಮಾತ್ ಕೇಳಂಗಿಲ್ರಿ. ನೀವಽ ಒಂದ್ ಮಾತ್ ಹೇಳ್ರಿ" ಎಂದು ತಾಯಂದಿರು ಕಣ್ಣಲ್ಲಿ ನೀರು ತಂದು ಕೇಳುತ್ತಾರೆ.

ನಾನು ಇಚಲಕರಂಜಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತವರು ಗಡಹಿಂಗ್ಲಜ ತಾಲೂಕಿನ ಮೂಡಣ ಭಾಗದ ಒಂದು ಹಳ್ಳಿ. ಅಲ್ಲಿ ಮನೆಮಾತು ಕನ್ನಡ, ಶಾಲೆ ಮರಾಠಿ. ಮಗಳು ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಾಳೆ. ಹೀಗಾಗಿ ಮೂರೂ ಊರಿನ ಮಕ್ಕಳ ಒಡನಾಟ ನನಗಿದೆ. ಮಗ್ಗದೂರು, ಕಬ್ಬಿನೂರು, ಕಾಲೇಜಿನೂರು ಒಂದಕ್ಕೊಂದು ಎಷ್ಟೇ ಬೇರೆಯಾದರೂ ಈ ಒಂದು ವಿಷಯದಲ್ಲಿ ಮೂರೂ ಕಡೆ ಕೇಳಿಬರುವ ಮಾತು ಒಂದೇ.

ಇಷ್ಟು ವರ್ಷ ಮಕ್ಕಳ ನಡುವೆ ಇದ್ದು ನನಗೆ ಖಾತ್ರಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನ ಹಿಡಿತದಿಂದ ಒಬ್ಬ ಹುಡುಗ ತಾನೊಬ್ಬನೇ ಬಿಡಿಸಿಕೊಳ್ಳುವುದು ಬಲು ಕಷ್ಟ. ಮನೆ, ಓಣಿ, ಊರು ಕೂಡಿ ಹೊತ್ತು ಗೊತ್ತು ಮಾಡಿಕೊಂಡರೆ ಅದೇ ಕೆಲಸ ಹಗುರಾಗುತ್ತದೆ. ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಹಳ್ಳಿಗಳು, ಅವುಗಳನ್ನು ನೋಡಿ ಬೆಳಗಾವಿ ತಾಲೂಕಿನ ಒಂದು ಹಳ್ಳಿ, ಇದನ್ನು ಮಾಡಿ ತೋರಿಸಿವೆ.

ಫೋನ್ ಕೈಗೆ ಬಂದ ಬಗೆ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದಾಗ ಇಂಟರ್ನೆಟ್ ಅಗ್ಗವಾಯಿತು. ಆದರೂ ಆಗ ಸ್ಮಾರ್ಟ್‌ಫೋನ್ ಇದ್ದದ್ದು ಅಪ್ಪನ ಕಿಸೆಯಲ್ಲಿ. ಮಕ್ಕಳು ಭಾನುವಾರ ಸ್ವಲ್ಪ ಹೊತ್ತು ಕಾಡಿಬೇಡಿ ಇಸಿದುಕೊಳ್ಳುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ಮೇಲೆ ಅದೇ ಫೋನ್ ಮಕ್ಕಳ ಕೈಗೆ ಹೋಯಿತು. ಪಾಠ ವಾಟ್ಸಾಪಿನಲ್ಲಿ, ಹೋಮ್‌ವರ್ಕ್ ವಾಟ್ಸಾಪಿನಲ್ಲಿ, ಹಾಜರಿ ಕೂಡ ವಾಟ್ಸಾಪಿನಲ್ಲಿ. ಫೋನ್ ಇಲ್ಲದ ಮನೆಯವರು ಸಾಲ ಮಾಡಿ ಕೊಂಡರು. ಮಗ್ಗದ ಕೆಲಸ ನಿಂತು ಮಜೂರಿ ಇಲ್ಲದ ದಿನಗಳಲ್ಲೂ ಮಕ್ಕಳ ಪಾಠ ನಿಲ್ಲಬಾರದೆಂದು ಕೊಡಿಸಿದ ತಂದೆತಾಯಿಗಳನ್ನು ನಾನು ಬಲ್ಲೆ. ಅವರ ಮನಸ್ಸಿನಲ್ಲಿದ್ದದ್ದು ಮಕ್ಕಳ ಓದು ಒಂದೇ.

ಅದೇ ವರ್ಷ ಇನ್ನೊಂದು ಬದಲಾವಣೆ ಆಯಿತು. ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ಸೇರಿದಂತೆ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ತೆರವಾದ ಜಾಗಕ್ಕೆ ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಲಕ್ಷಗಟ್ಟಲೆ ಮಕ್ಕಳ ಕೈಗೆ ಮೊದಲ ಸಲ ಫೋನ್ ಬಂದ ಹೊತ್ತಿಗೇ ಅರೆ ನಿಮಿಷದ ವಿಡಿಯೋಗಳ ಸಂತೆಯೂ ನೆರೆಯಿತು. ಶಾಲೆ ಮತ್ತೆ ತೆರೆದಾಗ ಪುಸ್ತಕ ಶಾಲೆಗೆ ಮರಳಿತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಹಳ್ಳಿಗಾಡಿನ ಶಿಕ್ಷಣದ ಸ್ಥಿತಿಗತಿ ಹೇಳುವ ಅಸರ್ ಸಮೀಕ್ಷೆಯ 2024ರ ವರದಿ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಓದಿಗೆಂದು ಬಂದ ವಸ್ತು ಬೇರೆ ಕೆಲಸಕ್ಕೆ ಹೆಚ್ಚು ಬಳಕೆಯಾಗುತ್ತಿದೆ.

ಒಂದು ಕೋಣೆಯ ಮನೆಯಲ್ಲಿ

ಹೋದ ವರ್ಷ ಮಳೆಗಾಲದಲ್ಲಿ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗ ಶಾಲೆಗೆ ಬರುವುದನ್ನೇ ಬಿಟ್ಟ. ಜಾಣ ಹುಡುಗ. ವಿದ್ಯುತ್ ಮಂಡಲದ ಚಿತ್ರವನ್ನು ಫಲಕದ ಮೇಲೆ ಒಂದೇ ಸಲಕ್ಕೆ ಸರಿಯಾಗಿ ಬರೆಯುತ್ತಿದ್ದ. ಒಂದು ಸಂಜೆ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಪತ್ರಾಸಿನ ಮಾಡು. ಅಪ್ಪ ವಿಜಯಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು, ಅವತ್ತು ರಾತ್ರಿ ಪಾಳಿಗೆ ಹೊರಟು ನಿಂತಿದ್ದರು. ಅಮ್ಮ ಕಾಂಡಿ ಸುತ್ತುವ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಗೋಡೆಯಾಚೆ ಪವರ್‌ಲೂಮಿನ ಸದ್ದು. ಆ ಸದ್ದಿಗೆ ಈ ಊರಿನ ಮಕ್ಕಳ ಕಿವಿ ಹುಟ್ಟಿನಿಂದಲೇ ಒಗ್ಗಿರುತ್ತದೆ.

ಹುಡುಗ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ನನ್ನನ್ನು ಕಂಡು ಎದ್ದು ಕೂತ, ತಲೆ ತಗ್ಗಿಸಿದ, ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದಲೇ ಉತ್ತರ ಕೊಟ್ಟ. ಆದರೆ ಮಾತಾಡುವಷ್ಟು ಹೊತ್ತೂ ಅವನ ಹೆಬ್ಬೆರಳು ನಿಲ್ಲಲಿಲ್ಲ. ತೊಡೆಯ ಮೇಲಿದ್ದ ಫೋನಿನಲ್ಲಿ ಒಂದರ ಹಿಂದೊಂದು ರೀಲು ಸರಿಯುತ್ತಿತ್ತು. ಯಾವುದನ್ನೂ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ನೋಡುತ್ತಿರಲಿಲ್ಲ. "ಈಗ ಹೋತಲ್ಲಪಾ, ಅದರಾಗ ಏನಿತ್ತು?" ಎಂದು ಕೇಳಿದೆ. ಫೋನ್ ನೋಡಿದ, ನನ್ನ ಮುಖ ನೋಡಿದ. ನೆನಪಾಗಲಿಲ್ಲ. ಅವನೇ ಗಾಬರಿಯಾದ.

ರಾತ್ರಿ ಎಷ್ಟಕ್ಕೆ ಮಲಗುತ್ತೀ ಎಂದರೆ ಎರಡು ಗಂಟೆ, ಮೂರು ಗಂಟೆ ಎಂದ. ಬೆಳಿಗ್ಗೆ ಏಳಲು ಆಗುವುದಿಲ್ಲ, ತಡವಾಗಿ ಬಂದರೆ ಎಲ್ಲರೆದುರು ಬೈಸಿಕೊಳ್ಳಬೇಕು, ಅದಕ್ಕೇ ಶಾಲೆ ಬೇಡವಾಯಿತು. ರಾತ್ರಿ ಒಂಬತ್ತಕ್ಕೆ ಇಟ್ಟುಬಿಡಬಾರದೇ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. "ಅಕ್ಕೋರ, ಒಂಬತ್ತರ ಮ್ಯಾಲೆ ಗ್ರೂಪ್‌ನ್ಯಾಗ ಎಲ್ಲಾರೂ ಬರ್ತಾರ್ರಿ. ನಾ ಒಬ್ಬಾವ ಇರ್ಲಿಕ್ಕಂದ್ರ ಮರುದಿನ ಅವ್ರು ಮಾತಾಡೂದು ನನಗ ತಿಳಿಯಂಗಿಲ್ಲ."

ಹುಡುಗ ಹೇಳಿದ್ದು ಸತ್ಯ. ಅವನಿಗೆ ಬೇಕಾದದ್ದು ಗೆಳೆಯರು, ಆ ಗೆಳೆಯರಿದ್ದದ್ದು ಫೋನಿನೊಳಗೆ. ಅವನೊಬ್ಬನೇ ಅದನ್ನು ಬಿಟ್ಟರೆ ಗೆಳೆಯರನ್ನೂ ಬಿಟ್ಟಂತೆ. ಎಲ್ಲರೂ ಒಂದೇ ಹೊತ್ತಿಗೆ ಬಿಟ್ಟರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಬೈಗುಳ, ಉಪದೇಶ, ಫೋನ್ ಕಸಿಯುವುದು ಇವೆಲ್ಲ ಯಾಕೆ ಫಲ ಕೊಡುವುದಿಲ್ಲ ಎಂಬುದು ಅವತ್ತು ನನಗೆ ತಿಳಿಯಿತು.

ಬೆರಳು ನಿಲ್ಲದಿರುವುದೇಕೆ?

ಮಕ್ಕಳಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಕ್ಕಳ ಎದುರಿಗೆ ಏನಿದೆ ಎಂಬುದನ್ನೂ ನಾವು ತಿಳಿಯಬೇಕು.

ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಳೆದ ಶತಮಾನದಲ್ಲಿ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಸನ್ನೆ ಒತ್ತಿದಾಗಲೆಲ್ಲ ಕಾಳು ಸಿಕ್ಕರೆ ಪ್ರಾಣಿ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಒಮ್ಮೆ ಸಿಕ್ಕು, ಹಲವು ಸಲ ಸಿಗದೆ, ಯಾವಾಗ ಸಿಗುತ್ತದೋ ಗೊತ್ತಾಗದಂತೆ ಮಾಡಿದರೆ ಮಾತ್ರ ಎಡೆಬಿಡದೆ ಒತ್ತುತ್ತಲೇ ಇರುತ್ತದೆ. ರೀಲ್ಸ್ ನಡೆಯುವುದು ಇದೇ ಸೂತ್ರದಲ್ಲಿ. ಹತ್ತರಲ್ಲಿ ಒಂಬತ್ತು ಸಪ್ಪೆ, ಒಂದು ಮನಸ್ಸು ಸೆಳೆಯುತ್ತದೆ. ಆ ಒಂದು ಮುಂದಿನದ್ದೇ ಇರಬಹುದು ಎಂಬ ಆಸೆ ಬೆರಳನ್ನು ನಡೆಸುತ್ತದೆ. ಈ ನಿರೀಕ್ಷೆಯ ಹೊತ್ತಿನಲ್ಲೇ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆ.

ಎರಡನೆಯದು, ಕೊನೆ ಇಲ್ಲದಿರುವುದು. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಸಿನಿಮಾಕ್ಕೆ ಮಧ್ಯಂತರ ಬರುತ್ತದೆ. ಅಲ್ಲಿ ನಿಂತು "ಸಾಕು" ಅನ್ನಲು ಎಡೆಯಿರುತ್ತದೆ. 2006ರಲ್ಲಿ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟವೇ ಮುಗಿಯದಂತೆ ಕೆಳಕೆಳಗೆ ಸರಿಯುತ್ತ ಹೋಗುವ ಏರ್ಪಾಟು ರೂಪಿಸಿದರು. ಪಂಕ್ತಿಯಲ್ಲಿ ಕೂತವರ ಎಲೆ ಖಾಲಿಯಾಗುವ ಮೊದಲೇ ಬಡಿಸುತ್ತ ಹೋದರೆ ಉಣ್ಣುವವರಿಗೆ ಎಷ್ಟು ಉಂಡೆವೆಂದು ತಿಳಿಯುವುದಿಲ್ಲವಲ್ಲ, ಹಾಗೆ. ಮುಂದೆ ರಾಸ್ಕಿನ್ ತಾವು ಮಾಡಿದ್ದರ ಬಗ್ಗೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು.

ಮೂರನೆಯದು ವಯಸ್ಸು. ಹಣೆಯ ಹಿಂದಿನ ಮೆದುಳಿನ ಭಾಗ ಆಸೆಗೆ ಲಗಾಮು ಹಾಕುತ್ತದೆ, ಮುಂದಿನದನ್ನು ಯೋಚಿಸುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷವಾದ ಮೇಲೆ. ಗೆಳೆಯರ ಮೆಚ್ಚುಗೆಗೆ ಹಂಬಲಿಸುವ ಭಾಗ ಮಾತ್ರ ಹದಿಹರೆಯದಲ್ಲೇ ಚುರುಕಾಗಿರುತ್ತದೆ. ನೂರಾರು ಎಂಜಿನಿಯರುಗಳು ಕೂತು ಗಮನ ಸೆಳೆಯಲೆಂದೇ ಮಾಡಿದ ಯಂತ್ರದ ಎದುರು ಹದಿನಾಲ್ಕರ ಹುಡುಗನನ್ನು ಒಂಟಿಯಾಗಿ ಕೂರಿಸಿ "ಗಟ್ಟಿಯಾಗಿರು" ಎನ್ನುವುದು ನ್ಯಾಯವಲ್ಲ.

ನಾಲ್ಕನೆಯದು ನಿದ್ದೆ. ಕತ್ತಲಾದ ಮೇಲೆ ಮೆಲಟೊನಿನ್ ಎಂಬ ಹಾರ್ಮೋನು ಏರಿ ಕಣ್ಣು ಎಳೆಯಲು ಶುರುವಾಗುತ್ತದೆ. ಕಣ್ಣಿಗೆ ಹತ್ತಿರದ ಪ್ರಖರ ಬೆಳಕು ಅದನ್ನು ತಡ ಮಾಡುತ್ತದೆ. ಕಂಡ ದೃಶ್ಯಗಳ ಉದ್ರೇಕವೂ ಸೇರಿದರೆ ನಿದ್ದೆ ದೂರ ಹೋಗುತ್ತದೆ. ಹಗಲಿನಲ್ಲಿ ಓದಿದ್ದು ನೆನಪಾಗಿ ನೆಲೆಗೊಳ್ಳುವುದು ನಿದ್ದೆಯಲ್ಲಿ. ಅದು ಕೆಟ್ಟರೆ ಓದಿದ್ದೂ ಕೆಟ್ಟಿತು. ಬೆಳಗಿನ ಮೊದಲ ತರಗತಿಯಲ್ಲಿ ನನ್ನೆದುರು ತೂಕಡಿಸುವ ಮಕ್ಕಳನ್ನು ಕಂಡಾಗ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ.

ಗಮನದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಜನರು ಪರದೆಯ ಮೇಲೆ ಒಂದೇ ವಿಷಯದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆಯುತ್ತ ಬಂದವರು. 2004ರಲ್ಲಿ ಅದು ಸರಾಸರಿ ಎರಡೂವರೆ ನಿಮಿಷ ಇತ್ತು. ಇತ್ತೀಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಇಳಿದಿದೆ. ನಮ್ಮೂರಿನವರಿಗೆ ಇದರ ಅರ್ಥ ಬೇಗ ಆಗಬೇಕು. ನೇಕಾರ ನಾಲ್ಕಾರು ಮಗ್ಗಗಳ ನಡುವೆ ಓಡಾಡುತ್ತ ಹಾಸಿನ ಎಳೆ ಎಲ್ಲಿ ಹರಿಯಿತೆಂದು ಕಣ್ಣಿಟ್ಟು ನೋಡುತ್ತಿರಬೇಕು. ಹರಿದದ್ದು ಕಾಣದೆ ಹೋದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ, ಮಜೂರಿಗೆ ಕತ್ತರಿ ಬೀಳುತ್ತದೆ. ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಗ್ಗದೆದುರು ರೀಲ್ಸ್ ನೋಡುವ ಎಳೆಯ ಕೆಲಸಗಾರರಿದ್ದಾರೆ. ತಿರುಗುವ ಚಕ್ರ, ಬಡಿಯುವ ಲಾಳಿಗಳ ನಡುವೆ ಅದು ಜೀವಕ್ಕೇ ಕುತ್ತು.

ಇದು ರೋಗವೇ?

ಎಲ್ಲ ಮಕ್ಕಳಿಗೂ ರೋಗದ ಚೀಟಿ ಅಂಟಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, ಅಂದರೆ ಐಸಿಡಿ-11, 2019ರಲ್ಲಿ ಒಪ್ಪಿತವಾಗಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಆಟದ ಗೀಳನ್ನು, ಗೇಮಿಂಗ್ ಡಿಸಾರ್ಡರ್ ಎಂಬ ಹೆಸರಿನಲ್ಲಿ, ಸೇರಿಸಲಾಗಿದೆ. ಅದಕ್ಕೆ ಮೂರು ಗುರುತು. ಆಟದ ಮೇಲೆ ಹತೋಟಿ ತಪ್ಪುವುದು. ಊಟ, ಓದು, ನಂಟು ಎಲ್ಲಕ್ಕಿಂತ ಆಟವೇ ಮುಂದಾಗುವುದು. ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ಇದ್ದು ಬದುಕು ಅಸ್ತವ್ಯಸ್ತವಾಗಿದ್ದರೆ ಮಾತ್ರ ವೈದ್ಯರು ಆ ಹೆಸರು ಹೇಳುತ್ತಾರೆ. ಸೋಷಿಯಲ್ ಮೀಡಿಯಾದ ಗೀಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ರೋಗದ ಸ್ಥಾನವಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕೆಂದು ಶಟ್ ಕ್ಲಿನಿಕ್ ತೆರೆಯಿತು. ಅದನ್ನು ಕಟ್ಟಿದವರು ಡಾ. ಮನೋಜ್ ಕುಮಾರ್ ಶರ್ಮಾ. ಆ ಹೆಸರಿನ ಹಿಂದಿರುವುದು ತಂತ್ರಜ್ಞಾನದ ಆರೋಗ್ಯಕರ ಬಳಕೆ ಎಂಬ ಆಶಯ. ಬೇಕಾದ್ದಕ್ಕೆ ಬೇಕಾದಷ್ಟೇ ಬಳಸುವುದನ್ನು ಮತ್ತೆ ಕಲಿಸುವುದು ಅದರ ಗುರಿ. ಪಾಲಕರು ಗಮನಿಸಬೇಕಾದದ್ದು ಹುಡುಗ ಎಷ್ಟು ತಾಸು ನೋಡುತ್ತಾನೆ ಎಂಬುದಷ್ಟನ್ನೇ ಅಲ್ಲ. ನಿದ್ದೆ, ಊಟ, ಶಾಲೆ, ಗೆಳೆತನ ಕೆಟ್ಟಿವೆಯೇ? ಫೋನ್ ಇಸಿದುಕೊಂಡರೆ ಕೈ ಎತ್ತುವಷ್ಟು ಸಿಟ್ಟು ಬರುತ್ತದೆಯೇ? ಹಣ ಕಾಣೆಯಾಗುತ್ತಿದೆಯೇ? ಇವುಗಳಿಗೆ ಹೌದು ಎಂಬ ಉತ್ತರ ಬಂದರೆ ತಡ ಮಾಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ನಾಲ್ಕು ತಾಸೂ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯ ಬೇರೆ. ವಾರದ ಪಗಾರವನ್ನು ಒಂದೇ ರಾತ್ರಿಯಲ್ಲಿ ಅದರಲ್ಲಿ ಕಳೆದ ಮನೆಗಳು ನಮ್ಮ ಭಾಗದಲ್ಲಿವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಇಂಥ ಆಟಗಳನ್ನು ನಿಷೇಧಿಸಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದ ಮಕ್ಕಳಿಗೆ ದೊಡ್ಡ ಸೋಷಿಯಲ್ ಮೀಡಿಯಾ ತಾಣಗಳಲ್ಲಿ ಖಾತೆ ಇರಕೂಡದೆಂದು ನಿಯಮ ತಂದಿತು. ಕಾನೂನು ಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಹಾಸಿಗೆಯೊಳಗಿನ ಫೋನ್ ತೆಗೆದಿಡಲು ಯಾವ ಕಾನೂನೂ ಮನೆಗೆ ಬರುವುದಿಲ್ಲ.

ಫೋನ್ ಕೊಟ್ಟದ್ದು, ಕಸಿದದ್ದು

ಫೋನನ್ನು ಶತ್ರು ಎನ್ನಲು ನನಗೆ ಬಾಯಿ ಬಾರದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿದಾಗ ನಮ್ಮ ಜೀವ ಇದ್ದದ್ದು ಫೋನಿನಲ್ಲಿ. ರಾಜಾರಾಮ ಬಂಧಾರದ ಬಳಿ ನೀರಿನ ಮಟ್ಟ 39 ಅಡಿಗೆ ಬಂದರೆ ಎಚ್ಚರಿಕೆ, 43ಕ್ಕೆ ಬಂದರೆ ಅಪಾಯ. ತಾಸಿಗೊಮ್ಮೆ ಆ ಅಂಕಿ ವಾಟ್ಸಾಪಿನಲ್ಲಿ ಬರುತ್ತಿತ್ತು. ಯಾವ ಓಣಿಗೆ ದೋಣಿ ಬೇಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬ ಸುದ್ದಿಯನ್ನು ಹರಡಿ ನೆರವು ಮುಟ್ಟಿಸಿದವರು ಇದೇ ಕಾಲೇಜು ಹುಡುಗರು. ನನ್ನ ತವರಿನ ಮಕ್ಕಳಿಗೆ ಮಾತಾಡಲು ಕನ್ನಡ ಬರುತ್ತದೆ, ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಕನ್ನಡ ಇಲ್ಲ. ನನ್ನ ಅಣ್ಣನ ಮಗ ಯೂಟ್ಯೂಬಿನಲ್ಲಿ ನೋಡಿ ಕನ್ನಡ ಅಕ್ಷರ ಕಲಿತು ತನ್ನ ಅಜ್ಜಿಗೆ ಲಗ್ನಪತ್ರಿಕೆ ಓದಿ ಹೇಳಿದ. ಆ ದಿನ ಇಡೀ ಮನೆ ಹಿಗ್ಗಿತ್ತು.

ಅದೇ ಫೋನ್ 2023ರ ಜೂನ್‌ನಲ್ಲಿ ಕೊಲ್ಹಾಪುರಕ್ಕೆ ಏನು ಮಾಡಿತೆಂಬುದನ್ನೂ ಮರೆಯಲಾಗದು. ಕೆಲವರು ಇಟ್ಟ ಸ್ಟೇಟಸ್‌ನಿಂದ ಎದ್ದ ಸಿಟ್ಟು ಜೂನ್ 7ರಂದು ಬೀದಿಗೆ ಬಂದು ಕಲ್ಲುತೂರಾಟ, ಲಾಠಿ ಏಟಿನವರೆಗೆ ಹೋಯಿತು. ಸರ್ಕಾರ ಇಂಟರ್ನೆಟ್ಟನ್ನೇ ನಿಲ್ಲಿಸಬೇಕಾಯಿತು. ಶಾಹು ಮಹಾರಾಜರ ಊರು ಎಂದು ಹೆಮ್ಮೆಪಡುವ ನಮಗೆಲ್ಲ ಆ ದಿನ ತಲೆ ತಗ್ಗಿಸುವಂತಾಗಿತ್ತು. ಓದದೆ, ಯೋಚಿಸದೆ ಮುಂದಕ್ಕೆ ಕಳಿಸುವ ಬೆರಳಿನ ಅವಸರ ಒಂದು ಊರನ್ನೇ ಸುಡಬಲ್ಲದು. ಪ್ರವಾಹದಲ್ಲಿ ಫೋನಿಗೆ ಒಂದು ಕೆಲಸವಿತ್ತು. ಕೆಲಸ ಮುಗಿದ ಮೇಲೆ ಕೈಗೆ ಅಂಟಿಕೊಂಡಿರುವ ಫೋನಿನಿಂದಲೇ ತೊಂದರೆ ಶುರು.

ಭೋಂಗಾ ಕೂಗಿದಾಗ

ಸಾಂಗಲಿ ಜಿಲ್ಲೆಯ ಕಡೇಗಾಂವ ತಾಲೂಕಿನಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಊರಿದೆ. ಜನಸಂಖ್ಯೆ ಸುಮಾರು ಮೂರು ಸಾವಿರ. ಕೊರೊನಾದ ನಂತರ ಶಾಲೆ ತೆರೆದಾಗ ಅಲ್ಲಿನ ಶಿಕ್ಷಕರು ಕಂಡದ್ದೂ ನಾವು ಕಂಡದ್ದೇ: ಮಕ್ಕಳಿಗೆ ಓದುವ, ಬರೆಯುವ ಮನಸ್ಸಿಲ್ಲ, ಶಾಲೆಗೆ ಮೊದಲು ಮತ್ತು ಆಮೇಲೆ ಕೈಯಲ್ಲಿ ಫೋನ್. ಬಹಳ ಮನೆಗಳಲ್ಲಿ ಮಕ್ಕಳಿಗೆ ಓದಲು ಬೇರೆ ಕೋಣೆ ಇಲ್ಲ. ಒಂದೇ ಪಡಸಾಲೆಯಲ್ಲಿ ಟಿವಿ ಹಚ್ಚಿಟ್ಟು ಮಗುವಿಗೆ ಓದು ಎಂದರೆ ಹೇಗೆ ಓದೀತು? ಸರಪಂಚ ವಿಜಯ ಮೋಹಿತೆ ಊರವರ ಮುಂದೆ ಒಂದು ಸಲಹೆ ಇಟ್ಟರು. 2022ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಹೆಣ್ಣುಮಕ್ಕಳ ಸಭೆ ಸೇರಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಪ್ರತಿ ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಭೋಂಗಾ, ಅಂದರೆ ಸೈರನ್, ಕೂಗುತ್ತದೆ. ಮನೆಮನೆಯ ಟಿವಿ, ಫೋನ್ ಬಂದ್. ಎಂಟೂವರೆಗೆ ಮತ್ತೆ ಕೂಗುತ್ತದೆ. ನಡುವಿನ ಒಂದೂವರೆ ತಾಸು ಮಕ್ಕಳಿಗೆ ಓದು, ದೊಡ್ಡವರಿಗೆ ಮಾತುಕತೆ. ಮೊದಲಿಗೆ ಜನ ಹಿಂಜರಿದರು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಸೇವಿಕೆಯರು, ಪಂಚಾಯತಿ ನೌಕರರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ಆಮೇಲೆ ಅದು ಊರಿನ ರೂಢಿಯಾಯಿತು.

ಅದೇ ಜಿಲ್ಲೆಯ ಕವಠೆ ಮಹಾಂಕಾಳ ತಾಲೂಕಿನ ಅಗ್ರಣ ಧುಳಗಾಂವದಲ್ಲೂ ಇಂಥ ರೂಢಿ ಬಂತು. ಅದನ್ನು ಕಂಡು ಪ್ರೇರಿತವಾದದ್ದು ಬೆಳಗಾವಿ ತಾಲೂಕಿನ ಹಲಗಾ. ಸುವರ್ಣ ವಿಧಾನಸೌಧದ ಸಮೀಪದ ಈ ಊರು 2024ರ ಡಿಸೆಂಬರ್‌ನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟಿವಿ, ಫೋನ್ ಬಂದ್ ಮಾಡಲು ತೀರ್ಮಾನಿಸಿತು. ಮರಾಠಿ ಊರಿನಲ್ಲಿ ಹುಟ್ಟಿದ ಒಳ್ಳೆಯ ರೂಢಿ ಗಡಿ ದಾಟಿ ಕರ್ನಾಟಕದ ಊರಿನಲ್ಲಿ ಬೇರು ಬಿಟ್ಟಿದೆ. ಗಡಿಯೆಂದರೆ ಜಗಳದ ಸುದ್ದಿಯೇ ಹೆಚ್ಚು ಬರುವ ನಮ್ಮ ಭಾಗದಲ್ಲಿ ಇದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ.

ಈ ಊರುಗಳ ಗುಟ್ಟು ಇಷ್ಟೇ. ನಿಯಮ ಮಕ್ಕಳಿಗಷ್ಟೇ ಅಲ್ಲ, ಎಲ್ಲರಿಗೂ. ಹೊತ್ತು ಗೊತ್ತಿದೆ, ಕಡಿಮೆಯಿದೆ. ಎಲ್ಲರೂ ಒಮ್ಮೆಗೇ ಬಿಡುವುದರಿಂದ ಯಾವ ಹುಡುಗನಿಗೂ ಗೆಳೆಯರನ್ನು ತಪ್ಪಿಸಿಕೊಂಡೆನೆಂಬ ಅಳುಕಿಲ್ಲ. ಕೋಣೆ ಇಲ್ಲದ ಮಗುವಿಗೆ ಓದಲು ಊರೇ ಸದ್ದಡಗಿಸಿ ಜಾಗ ಮಾಡಿಕೊಡುತ್ತದೆ.

ನಮ್ಮ ಗಲ್ಲಿಯಲ್ಲಿ

ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾದ ಊರು. ಎರಡು ಪಾಳಿಯಲ್ಲಿ ಹಗಲುರಾತ್ರಿ ಮಗ್ಗ ಓಡುವಲ್ಲಿ ಊರಿಗೆಲ್ಲ ಒಂದೇ ಭೋಂಗಾ ಸಾಗದು. ಆದರೆ ಗಲ್ಲಿಗೆ ಸಾಗುತ್ತದೆ. ನಮ್ಮ ಗಲ್ಲಿಯ ಗಣಪತಿ ತರುಣ ಮಂಡಳದ ಹುಡುಗರನ್ನು ಕೂರಿಸಿಕೊಂಡು ಮಾತಾಡಿದೆ. ಮಕ್ಕಳಿಗೆ ಹೇಳುವುದಕ್ಕಿಂತ ಮಂಡಳದ ಅಣ್ಣಂದಿರ ಕೈಯಲ್ಲಿ ಹೇಳಿಸುವುದು ಮೇಲು. ಮಕ್ಕಳು ಅವರನ್ನೇ ನೋಡಿ ನಡೆಯುತ್ತಾರೆ.

ಮೊದಲ ತಕರಾರು ಬಂದದ್ದು ಹಿರಿಯರಿಂದ. "ಆ ಹೊತ್ತಿಗೆ ಜಾಬರ್ ಫೋನ್ ಮಾಡ್ತಾನ. ಪಾಳಿ ತಪ್ಪಿದ್ರ ಪಗಾರ ತಪ್ಪತೈತಿ" ಎಂದರು ಒಬ್ಬರು. ಅವರ ಮಾತು ಸರಿ. ಧಾರಾವಾಹಿ ತಪ್ಪುತ್ತದೆ ಎಂದು ಅಜ್ಜಿಯರು ಮುನಿಸಿಕೊಂಡರು. ಕೊನೆಗೆ ಒಂದು ಸುಲಭ ನಿಯಮಕ್ಕೆ ಬಂದೆವು. ಏಳೂವರೆಯ ಆರತಿ ಗಂಟೆಯಿಂದ ಒಂಬತ್ತರವರೆಗೆ ಮನೆಯವರೆಲ್ಲರ ಫೋನ್ ಬಾಗಿಲ ಹತ್ತಿರದ ಗೂಡಿನಲ್ಲಿ. ರಿಂಗ್ ಇರಲಿ. ಕರೆ ಬಂದರೆ ಅಲ್ಲೇ ನಿಂತು ಮಾತಾಡಿ ಅಲ್ಲೇ ಇಡಬೇಕು. ಬಂದ್ ಮಾಡುವ ಮಾತೇ ಇಲ್ಲದ್ದರಿಂದ ಯಾರಿಗೂ ಕೆಲಸ ಕೆಡಲಿಲ್ಲ.

ಫೋನ್ ಬೇರೆಡೆ ಇಡುವುದಕ್ಕೆ ಬಲವಾದ ಕಾರಣವೂ ಇದೆ. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸದ್ದಿಲ್ಲದ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಮುಟ್ಟದೆ ಇದ್ದರೂ ಕಣ್ಣೆದುರಿನ ಫೋನ್ ಮನಸ್ಸಿನ ಒಂದು ಪಾಲನ್ನು ಹಿಡಿದಿಟ್ಟಿರುತ್ತದೆ.

ಮೊದಲ ವಾರ ಮಕ್ಕಳು ಬೇಜಾರು ಬೇಜಾರು ಎಂದು ಕಟ್ಟೆಯ ಮೇಲೆ ಸುಮ್ಮನೆ ಕೂತರು. ಆ ಬೇಜಾರನ್ನು ನಾವು ಸಹಿಸಬೇಕು, ಅದನ್ನು ತುಂಬಲು ಓಡಬಾರದು. ಆಮೇಲೆ ಯಾರೋ ಕೇರಂ ಬೋರ್ಡು ತಂದರು. ನನ್ನ ಮನೆಯ ಪಡಸಾಲೆಗೆ ಪುಸ್ತಕ ಹಿಡಿದು ಬರುವವರು ಹೆಚ್ಚಾದರು. ಕೆಲವು ಮನೆ ಈ ಒಪ್ಪಂದವನ್ನು ಬಿಟ್ಟವು, ಹಲವು ಉಳಿಸಿಕೊಂಡಿವೆ. ಮೇಲೆ ಹೇಳಿದ ಹುಡುಗನ ಮನೆ ನಮ್ಮ ಗಲ್ಲಿಯದಲ್ಲ. ಅವನಿಗೆ ದಾರಿಯಾದದ್ದು ತರಗತಿಯ ಹುಡುಗರೆಲ್ಲ ಕೂಡಿ ರಾತ್ರಿ ಹತ್ತಕ್ಕೆ ಗ್ರೂಪ್ ಮುಚ್ಚುವ ಮಾತು ಕೊಟ್ಟ ಮೇಲೆ. ಈಗ ಶಾಲೆಗೆ ಬರುತ್ತಾನೆ. ಬೆಳಗಿನ ತರಗತಿಯಲ್ಲಿ ಅವನ ಕಣ್ಣು ತೆರೆದಿರುತ್ತದೆ.

ಬಿಟ್ಟ ಕೈಗೆ ಕೆಲಸ

ಫೋನ್ ಇಳಿಸಿದ ಕೈಗೆ ಇನ್ನೊಂದು ಬೇಕು. ಈ ಜಿಲ್ಲೆಯ ಭಾಗ್ಯವೆಂದರೆ ಅದು ನಮ್ಮಲ್ಲಿ ಧಾರಾಳವಾಗಿದೆ. ಕೊಲ್ಹಾಪುರದ ಪೇಟೆಪೇಟೆಗೂ ತಾಲೀಮು ಇದೆ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ ನೂರು ವರ್ಷ ದಾಟಿದೆ. ನಸುಕಿನಲ್ಲಿ ಕೆಮ್ಮಣ್ಣಿನ ಹೌದೆಗೆ ಇಳಿದ ಹುಡುಗನ ಎರಡೂ ಕೈ ಎದುರಾಳಿಯ ಮೇಲಿರುತ್ತವೆ. ಶಾಹು ಸ್ಟೇಡಿಯಂನಲ್ಲಿ ಪೇಟೆಗಳ ಫುಟ್‌ಬಾಲ್ ತಂಡಗಳು ಆಡಿದರೆ ಊರೇ ಸೇರುತ್ತದೆ. ಗಡಹಿಂಗ್ಲಜದಂಥ ತಾಲೂಕು ಊರಿನಲ್ಲೂ ಫುಟ್‌ಬಾಲ್ ಹುಚ್ಚು ತಲೆಮಾರುಗಳಿಂದ ಬಂದದ್ದು.

ಗುರಿಯಿಡುವ ಗಮನ ಎಂದರೇನೆಂದು ಮಕ್ಕಳಿಗೆ ಹೇಳಲು ನಾನು ಸ್ವಪ್ನಿಲ್ ಕುಸಾಳೆಯ ಹೆಸರು ಹೇಳುತ್ತೇನೆ. ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಹುಡುಗ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ತಂದರು. ಮೊಣಕಾಲೂರಿ, ಬೋರಲಾಗಿ ಮಲಗಿ, ಎದ್ದು ನಿಂತು, ಮೂರೂ ಭಂಗಿಯಲ್ಲಿ ಉಸಿರು ಹಿಡಿದು ಒಂದೇ ಬಿಂದುವನ್ನು ನೋಡುವ ಆಟ ಅದು. ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ 2010ರಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಈ ಮಣ್ಣಿನ ಮಕ್ಕಳಿಗೆ ಏಕಾಗ್ರತೆ ಹೊಸತಲ್ಲ.

ಹೆಣ್ಣುಮಕ್ಕಳ ಬಗ್ಗೆ ಒತ್ತಿ ಹೇಳಬೇಕು. ಗಂಡುಹುಡುಗರಿಗೆ ಕಟ್ಟೆಯಿದೆ, ತಾಲೀಮಿದೆ, ಮೈದಾನವಿದೆ. ಹನ್ನೆರಡು ದಾಟಿದ ಹುಡುಗಿಗೆ ಸಂಜೆಯಾದರೆ ಮನೆಯೇ ಗತಿ. ಹೊರಗಿನ ಲೋಕಕ್ಕೆ ಅವಳಿಗಿರುವ ಕಿಟಕಿ ಫೋನ್ ಒಂದೇ. ಅದನ್ನು ಕಸಿದು ಇನ್ನೇನೂ ಕೊಡದಿದ್ದರೆ ಅವಳಿಗೆ ಅನ್ಯಾಯ. ಹುಡುಗಿಯರಿಗೆ ಸಂಜೆ ಆರರಿಂದ ಎಂಟರವರೆಗೆ ಬೆಳಕಿರುವ ಮೈದಾನ, ಹತ್ತಿರದಲ್ಲಿ ವಾಚನಾಲಯ ಬೇಕು. ನಮ್ಮಲ್ಲಿ ವಾಚನಾಲಯಗಳಿಗೆ ಬರಗಾಲವಿಲ್ಲ. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರದ್ದು, ಇಚಲಕರಂಜಿಯ ಆಪಟೆ ವಾಚನ ಮಂದಿರ 1870ರದ್ದು. ಇಂಥ ಕಡೆ ಹುಡುಗಿಯರಿಗೆಂದು ಸಂಜೆಯ ಹೊತ್ತು ಮೀಸಲಿಟ್ಟರೆ, ಕರೆತಂದು ಕಳಿಸುವ ಹೊಣೆಯನ್ನು ಗಲ್ಲಿಯವರು ಹೊತ್ತರೆ, ದೊಡ್ಡ ಖರ್ಚೇನೂ ಇಲ್ಲ.

ನಿಮ್ಮ ಊರಿನಲ್ಲಿ ಶುರು ಮಾಡುವುದಾದರೆ ನನ್ನ ಅನುಭವದ ನಾಲ್ಕು ಮಾತು. ದೊಡ್ಡವರು ಮೊದಲು ಇಡಬೇಕು, ಮಕ್ಕಳು ಆಮೇಲೆ. ಹೊತ್ತು ಒಂದೂವರೆ ತಾಸು ಸಾಕು, ಆದರೆ ದಿನಾ ನಡೆಯಬೇಕು. ಮಲಗುವ ಕೋಣೆಗೆ ಫೋನ್ ಬೇಡ, ಎಚ್ಚರಕ್ಕೆ ಅಲಾರಂ ಗಡಿಯಾರ ಕೊಳ್ಳಿ. ತಪ್ಪಿದವರನ್ನು ಹೀಯಾಳಿಸಬೇಡಿ, ಮರುದಿನ ಮತ್ತೆ ಕರೆಯಿರಿ.

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆ ಸೇರುವ ರೂಢಿಯಿದೆ. ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಿಲ್ಲಬೇಕೆಂದು 2022ರ ಮೇ ತಿಂಗಳಲ್ಲಿ ಠರಾವು ಮಾಡಿದ ಹೇರವಾಡ ಇದೇ ಜಿಲ್ಲೆಯ ಶಿರೋಳ ತಾಲೂಕಿನ ಊರು. ಆ ಒಂದು ಹಳ್ಳಿಯ ಠರಾವನ್ನು ನೋಡಿ ಇಡೀ ರಾಜ್ಯದ ಪಂಚಾಯತಿಗಳು ಅದೇ ಹಾದಿ ಹಿಡಿಯಲೆಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ಅಷ್ಟು ಹಳೆಯ ಪದ್ಧತಿಯನ್ನೇ ಕೂಡಿ ಕೂತು ಬಿಡಬಲ್ಲ ನಮ್ಮ ಜನಕ್ಕೆ ಸಂಜೆಯ ಒಂದೂವರೆ ತಾಸು ಫೋನ್ ಇಡುವುದು ಅಸಾಧ್ಯವೇನಲ್ಲ. ಮುಂದಿನ ಗ್ರಾಮಸಭೆಗೆ, ವಾರ್ಡಿನ ಸಭೆಗೆ, ಮಂಡಳದ ಬೈಠಕಿಗೆ ಹೋಗುವಾಗ ಈ ವಿಷಯವನ್ನು ಬರೆದುಕೊಂಡು ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ, ಹೊತ್ತು ಯಾವುದಿರಬೇಕೆಂದು ಅವರನ್ನೇ ಕೇಳಿ. ತಾವೇ ಸೇರಿ ಮಾಡಿದ ನಿಯಮವನ್ನು ಮಕ್ಕಳು ಎಷ್ಟು ನಿಷ್ಠೆಯಿಂದ ಕಾಯುತ್ತಾರೆಂಬುದನ್ನು ನಾನು ತರಗತಿಯಲ್ಲಿ ದಿನವೂ ಕಾಣುತ್ತೇನೆ.